ಕಾಕಾನ ಮಡಕೆ ಬೆಂಗಳೂರಲ್ಲಿ ಮಾರೋದು ಹೆಂಗೆ? ಗೊತ್ತಿದ್ದೋರು ಹೇಳ್ರಿ

ತಿಗರಿ ಮನೆ ಹುಡ್ಗ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಹಾವೇರಿ ಜಿಲ್ಲೆ, ರಾಣೆಬೆನ್ನೂರು ಕಡೆ. ಮನೆತನದ ಕೆಲಸ ಕುಂಬಾರಿಕೆ. ಅಪ್ಪ ಅದನ್ನ ಬಿಟ್ಟು ಬಸ್ ಕಂಡಕ್ಟರ್ ಆದ್ರು, ನಾನು ಬೆಂಗಳೂರಲ್ಲಿ ಒಂದು ಕಂಪನೀಲಿ ಅಕೌಂಟ್ಸ್ ನೋಡ್ಕೋತೀನಿ. ಕಾಕಾ ಒಬ್ಬರೇ ಇನ್ನೂ ತಿಗರಿ (ಕುಂಬಾರನ ಚಕ್ರ) ಮುಂದೆ ಕೂತಿರೋದು, ಮಡಕೆ ಬಡಿದು ಜಾಜು (ಕೆಂಪು ಮಣ್ಣಿನ ಬಣ್ಣ) ಹಚ್ಚೋದೆಲ್ಲ ಕಾಕು, ಅಂದ್ರೆ ಚಿಕ್ಕಮ್ಮ. ಅವರ ಕೈ ನಿಂತ್ರೆ ನಮ್ಮ ಓಣೀಲಿ ಆವಿಗೆ (ಮಡಕೆ ಸುಡೋ ಭಟ್ಟಿ) ಹಚ್ಚೋರು ಯಾರೂ ಇಲ್ಲ.

ಹೋದ ದೀಪಾವಳಿಗೆ ಹುರುಪಿಂದ 2,000 ಹಣತೆ ತಂದು ನಮ್ಮ ಅಪಾರ್ಟ್‌ಮೆಂಟ್ ಹಬ್ಬದ ಸ್ಟಾಲಲ್ಲಿ ಇಟ್ಟೆ. 140 ದಾರೀಲೇ ಒಡೆದಿದ್ವು. ಪಕ್ಕದ ಸ್ಟಾಲಲ್ಲಿ ಅಚ್ಚಿಂದ ತೆಗೆದು ಬಣ್ಣ ಹೊಡ್ದಿದ್ದು, ಕನ್ನಡಿ ಚೂರು ಅಂಟಿಸಿದ್ದು, ಜನ ಎಲ್ಲ ಅಲ್ಲೇ. ನಂದು ಒಂದಕ್ಕೆ 5 ರೂಪಾಯಿ, ಅದಕ್ಕೂ ಚೌಕಾಸಿ. ಹಂಗೂ ಹಿಂಗೂ 1,100 ಹೋದ್ವು ಅನ್ನಿ. ಎರಡು ವಾರ ಆದ್ಮೇಲೆ ಒಬ್ಬ ಮೇಡಂ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕಿದ್ರು, ಹಣತೆ ಮೇಲೆಲ್ಲ ಸಣ್ಣ ಸಣ್ಣ ಗುಳಿ, ಒಳಗೆ ಬಿಳೀ ಚುಕ್ಕೆ, "ಇದೇನು ಫಂಗಸ್ಸಾ" ಅಂತ. ಮರ್ಯಾದೆ ಹೋಯ್ತು. ಕಾಕಾಗೆ ಹೇಳೋಕೂ ಧೈರ್ಯ ಬರ್ಲಿಲ್ಲ.

ಈಗ ಕೇಳ್ತಿರೋದು ಇಷ್ಟೇ. ಇನ್‌ಸ್ಟಾಗ್ರಾಮ್ ಪೇಜ್ ಮಾಡ್ಲಾ, ಅಮೆಜಾನ್‌ಗೆ ಹಾಕ್ಲಾ, ಯಾವ್ದಾದ್ರೂ ಮೇಳಕ್ಕೆ ಹೋಗ್ಲಾ? ಯಾರಾದ್ರೂ ಮಾಡಿ ನೋಡಿದ್ದೀರಾ?

ಒಗ್ಗರಣೆ ಅಕ್ಕ:
ನಾನು ಕೊಳ್ಳೋಳು, ಹಾಗಾಗಿ ನಮ್ಮ ಕಡೆ ಕಷ್ಟ ಹೇಳ್ತೀನಿ. ಎರಡು ವರ್ಷದಲ್ಲಿ ಮೂರು ಮಣ್ಣಿನ ಪಾತ್ರೆ ತಗೊಂಡೆ. ಮೊದಲ್ನೇದು ಆನ್‌ಲೈನಲ್ಲಿ 900 ರೂಪಾಯಿ, ಮೇಲೆಲ್ಲ ಫಳಫಳ, ಬಿಸಿ ಆದ್ರೆ ಪೇಂಟ್ ವಾಸನೆ. ಎಸೆದೆ. ಎರಡನೇದು ರಸ್ತೆ ಬದೀಲಿ ತಗೊಂಡಿದ್ದು, ಚೆನ್ನಾಗಿತ್ತು, ಆದ್ರೆ ತಳ ಗುಂಡಗೆ ನೋಡಿ, ಗ್ಯಾಸ್ ಒಲೆ ಮೇಲೆ ನಿಲ್ಲೋದೇ ಇಲ್ಲ, ಸಾರು ಕುದೀವಾಗ ಒಂದು ಕೈ ಇಕ್ಕಳದಲ್ಲೇ ಇರ್ಬೇಕು. ಮೂರನೇದು ತಂದ ದಿನವೇ ಒಲೆ ಮೇಲಿಟ್ಟು ಉರಿ ಜೋರು ಮಾಡ್ದೆ, ಟಪ್ ಅಂತು. ಆಮೇಲೆ ನಮ್ಮತ್ತೆ ಹೇಳಿದ್ರು, ಮೊದ್ಲು ಒಂದು ದಿನ ನೀರಲ್ಲಿ ಮುಳುಗಿಸಿ ಇಡ್ಬೇಕಂತೆ, ಆಮೇಲೆ ಗಂಜಿ ಹಾಕಿ ಸಣ್ಣ ಉರೀಲಿ ಕುದಿಸ್ಬೇಕಂತೆ, ಹಂಗೆ ಎರಡು ಮೂರು ಸಲ ಪಳಗಿಸಿದ್ರೇ ಅದು ಒಲೆಗೆ ಆಗೋದಂತೆ. ಮಾರಿದೋನು ಒಂದು ಮಾತು ಹೇಳಿದ್ರೆ ಅವನ ಗಂಟೇನು ಹೋಗ್ತಿತ್ತು?

ನೀವು ಬೇರೆ ಏನೂ ಮಾಡ್ಬೇಡಿ, ತಳ ಸ್ವಲ್ಪ ಚಪ್ಪಟೆ ಮಾಡಿಸಿ, ಮುಚ್ಚಳ ಕೊಡಿ, ಪಳಗಿಸೋದು ಹೇಗೆ ಅಂತ ಒಂದು ಚೀಟಿ ಇಡಿ. ನಾನೇ ನಾಲ್ಕು ತಗೋತೀನಿ.

ಖಾನಾಪುರದಾಗ ಕಲ್ತಾಂವ:
ತಮ್ಮಾ, ಅದು ಫಂಗಸ್ ಅಲ್ಲ, ಸುಣ್ಣದ ಹರಳು. ನಿಮ್ಮ ಕಾಕಾನ ಕೈ ತಪ್ಪಲ್ಲ, ಮಣ್ಣಿನ ತಪ್ಪು. ಮಣ್ಣಾಗ ಸಾಸಿವಿಕಾಳಷ್ಟು ಸುಣ್ಣಕಲ್ಲು ಇದ್ರೂ ಸಾಕು, ಆವಿಗ್ಯಾಗ 800 ಡಿಗ್ರಿ ಆಸುಪಾಸು ಬೆಂದಾಗ ಅದು ಸುಟ್ಟ ಸುಣ್ಣ ಆಗ್ತದ. ತಗದಾಗ ಏನೂ ಕಾಣೂದಿಲ್ಲ, ಗಡಿಗಿ ಠಣ್ ಅಂತದ. ಆಮ್ಯಾಲ ಗಾಳಿಯೊಳಗಿನ ಪಸಿ ಕುಡದು ಕುಡದು ಉಬ್ಬತದ, ಉಬ್ಬಿ ಮ್ಯಾಲಿನ ಪದರ ಎಬ್ಬಿಸಿ ಹಾಕ್ತದ. ಅದಕ್ಕ ಎರಡು ವಾರ ಹಿಡದದ್ದು.

ನಾ ಖಾನಾಪುರದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯೊಳಗ ತರಬೇತಿ ಮಾಡೀನಿ, ಖಾದಿ ಆಯೋಗದವರದು ಅದು. ಅಲ್ಲಿ ಮೊದಲ ಕಲಿಸೂದು ತಿಗರಿ ಅಲ್ಲ, ಮಣ್ಣು. ಮಣ್ಣು ನೀರಾಗ ಕಲಿಸಿ ರಾಡಿ ಮಾಡ್ರಿ, ಸಣ್ಣ ಕಣ್ಣಿನ ಜರಡಿಯೊಳಗ ಸೋಸ್ರಿ, ತಿಳಿ ನೀರು ತಗದು ಒಣಗಿಸ್ರಿ. ಹಳೇ ನೈಲಾನ್ ಸೊಳ್ಳಿ ಪರದೆ ಎರಡು ಮಡಿಕಿ ಮಾಡಿದ್ರೂ ನಡೀತದ. ಇನ್ನೊಂದು, ಆವಿಗಿಯಿಂದ ತಗದ ಕೂಡ್ಲೆ ಹಣತಿ ನೀರಾಗ ಮುಳುಗಿಸಿ ಬಿಡ್ರಿ, ಅಂದ್ರ ಸುಣ್ಣ ಒಮ್ಮೆಲೆ ಅರಳಿ ಮೆತ್ತಗ ಆಗಿಬಿಡ್ತದ. ಇಟ್ಟಂಗಿ ಭಟ್ಟಿಯವರೂ ಹಿಂಗ ಮಾಡ್ತಾರ.

ಅಕ್ಕಾರು ಹೇಳಿದ ಚಪ್ಪಟಿ ತಳದ ಬಗ್ಗೆ ಒಂದು ಎಚ್ಚರಿಕಿ. ಗುಂಡ ತಳ ಅಂದ್ರ ಹಿರ್ಯಾರಿಗೆ ಬ್ಯಾರೆ ಮಾಡಾಕ ಬರದ ಮಾಡಿದ್ದಲ್ಲ, ಬೆಂಕಿ ಎಲ್ಲಾ ಕಡೆ ಸಮ ಹತ್ತತದ, ಒಡಿಯೂದಿಲ್ಲ. ಚಪ್ಪಟಿ ಮಾಡಿದ್ರ ಮೂಲ್ಯಾಗ ಸೀಳ್ತದ. ಮೂಲಿ ಬರಲಾರ್ದಂಗ ದುಂಡಗ ತಿರುವಿ, ನಡುವ ಅಷ್ಟ ಒಂದು ಅಂಗೈ ಅಗಲ ಸಪಾಟ ಮಾಡಬೇಕು. ನಾಕು ಮಾಡಿ ನಿಮ್ಮ ಮನ್ಯಾಗ ಗ್ಯಾಸಿನ ಮ್ಯಾಲ ತಿಂಗಳಗಟ್ಲೆ ಇಟ್ಟು ನೋಡಿ ಆಮ್ಯಾಲ ಮಾರ್ರಿ.

ತಿಗರಿ ಮನೆ ಹುಡ್ಗ:
ಅಣ್ಣಾ ಕಾಲಿಗೆ ಬಿದ್ದೆ. ಕಾಕಾಗೆ ಫೋನ್ ಮಾಡಿ ಕೇಳ್ದೆ. "ಸುಣ್ಣ ಅಂತ ನನಗ ಗೊತ್ತಿಲ್ಲೇನಲೇ, ಮೊದಲಿನ ಕೆರಿ ಮಣ್ಣಾಗ ಬರ್ತಿದ್ದಿಲ್ಲ" ಅಂದ್ರು. ಅಲ್ಲಿ ಬಂತು ನೋಡಿ ವಿಷ್ಯ. ನಮ್ಮೂರ ಕೆರೆ ಮಣ್ಣು ಈಗ ಅವರಿಗೆ ಸಿಗ್ತಿಲ್ಲ. ಹೂಳೆತ್ತೋ ಹೆಸರಲ್ಲಿ ಜೆಸಿಬಿ ಇಳೀತು, ಮೇಲಿನ ಒಳ್ಳೆ ಜೇಡಿ ಎಲ್ಲ ಟಿಪ್ಪರ್‌ನಲ್ಲಿ ಹೊಲಕ್ಕೂ ಇಟ್ಟಿಗೆ ಭಟ್ಟಿಗೂ ಹೋಯ್ತು. ಕಾಕಾ ಎರಡು ಬುಟ್ಟಿ ತಗೊಳೋಕೆ ಹೋದ್ರೆ ಪರ್ಮಿಷನ್ ಎಲ್ಲಿದೆ ಅಂತ ಕೇಳಿದ್ರಂತೆ. ಅವರಪ್ಪ ಕತ್ತೆ ಮೇಲೆ ಹೇರ್ಕೊಂಡು ಬರ್ತಿದ್ದ ಕೆರೆ ಅದು. ಈಗ ಯಾರದ್ದೋ ಹೊಲದಿಂದ ಟ್ರ್ಯಾಕ್ಟರ್ ಲೋಡ್‌ಗೆ ದುಡ್ಡು ಕೊಟ್ಟು ತರಿಸ್ತಾರೆ, ಅದ್ರಲ್ಲೇ ಈ ಸುಣ್ಣ.

ಪಂಚಾಯ್ತಿ ಕಟ್ಟೆ:
ಇದರಲ್ಲಿ ಸ್ವಲ್ಪ ಓಡಾಡಿದೀನಿ, ಹೇಳ್ತೀನಿ. ಕುಂಬಾರರು ಪದ್ಧತಿ ಪ್ರಕಾರ ಮಡಕೆ, ಹಣತೆ, ಗೊಂಬೆಗೆ ಅಂತ ಕೈಯಿಂದ ಮಣ್ಣು ತೆಗೆಯೋದಕ್ಕೆ ಪರಿಸರ ಅನುಮತಿ ಬೇಡ. ಕೇಂದ್ರ ಸರ್ಕಾರದ ಪರಿಸರ ಅಧಿಸೂಚನೆಗೆ 2016ರಲ್ಲಿ ಸೇರಿಸಿದ ಅನುಬಂಧದಲ್ಲಿ ಇದು ಬರೆದೇ ಇದೆ. ಆದ್ರೆ ಇದನ್ನ ಹಿಡ್ಕೊಂಡು ಸೀದಾ ಕೆರೆಗೆ ಇಳೀಬೇಡಿ, ಅದು ಪರಿಸರದ ಕಡೆಯ ವಿನಾಯ್ತಿ ಮಾತ್ರ, ಕೆರೆ ಯಾರ ಸುಪರ್ದಿಲಿ ಇದೆಯೋ ಅವರ ಒಪ್ಪಿಗೆ ಬೇರೆ ಬೇಕು. ಒಬ್ಬರೇ ಹೋದ್ರೆ ನಾಳೆ ಬಾ ಅಂತಾರೆ. ಅಕ್ಕಪಕ್ಕದ ಊರಿನ ಆರೇಳು ಕುಂಬಾರ ಮನೆಯೋರು ಒಟ್ಟಿಗೆ ಅರ್ಜಿ ಕೊಟ್ಟು, ಗ್ರಾಮಸಭೇಲಿ ಓದಿಸಿ, ಇಂಥ ಕೆರೆಯ ಇಂಥ ಮೂಲೆ, ಬೇಸಿಗೆಲಿ ಇಷ್ಟು ದಿನ, ಕೈಯಿಂದ ಮಾತ್ರ ಅಂತ ಠರಾವು ಮಾಡಿಸ್ಕೊಳ್ಳಿ. ಠರಾವಿನ ನಕಲು ಜೇಬಲ್ಲಿ ಇರ್ಲಿ, ಯಾರಾದ್ರೂ ತಡೆದ್ರೆ ತೋರ್ಸೋಕೆ.

ಕೈಕಸುಬಿನೋರಿಗೆ ಅಂತ ಇರೋ ಕೇಂದ್ರದ ಯೋಜನೆ ಪಿಎಂ ವಿಶ್ವಕರ್ಮಕ್ಕೂ ಕಾಕಾನ ಹೆಸರು ಹಚ್ಚಿಸಿ. 2023ರ ಸೆಪ್ಟೆಂಬರಲ್ಲಿ ಶುರುವಾಗಿದ್ದು, 18 ಕಸುಬಲ್ಲಿ ಕುಂಬಾರಿಕೆಯೂ ಇದೆ. 15,000 ರೂಪಾಯಿವರೆಗೆ ಉಪಕರಣಕ್ಕೆ, ತರಬೇತಿ ದಿನಕ್ಕೆ 500, ಆಮೇಲೆ ಶೇ. 5 ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿದ್ಮೇಲೆ 2 ಲಕ್ಷ ಸಾಲ. ಮನೆಗೆ ಒಬ್ಬರಿಗೆ ಮಾತ್ರ.

ಸೀದಾ ಮಾತು:
ಬೇಜಾರಾಗ್ಬೇಡಿ, ಒಂದು ಕೇಳ್ತೀನಿ. ನಿಮ್ಮಪ್ಪ ಬಿಟ್ರು, ನೀವು ಬಿಟ್ರಿ, ಎಸಿ ರೂಮಲ್ಲಿ ಕೂತಿದ್ದೀರ. ಈಗ ಕಾಕಾ ಮಾತ್ರ ಪರಂಪರೆ ಉಳಿಸ್ಬೇಕಾ? ಬೆನ್ನು ಬಾಗಿಸಿ ಕೂತು, ಹೊಗೆ ಕುಡ್ದು, ಕೊನೇಗೆ ನಮ್ಮಂಥೋರ ಡ್ರಾಯಿಂಗ್ ರೂಮಿಗೆ "ರಸ್ಟಿಕ್ ಲುಕ್" ಕೊಡೋಕಾ? ಜಾತಿಗೆ ಕಟ್ಟಿದ ಕಸುಬು, ಬಿಟ್ಟು ಹೊರಗೆ ಬಂದ್ರೆ ಒಳ್ಳೇದೇ ಅಲ್ವಾ. ಮಡಕೆ ನೀರು ತಂಪು ಅಂತ ಹಾಡು ಹೇಳೋರೆಲ್ಲ ಮನೇಲಿ ಫ್ರಿಜ್ ಇಟ್ಕೊಂಡೋರೇ.

ತಿಗರಿ ಮನೆ ಹುಡ್ಗ:
ಬೇಜಾರೇನಿಲ್ಲ ಸರ್, ಚುಚ್ಚಿತು ಅಷ್ಟೆ, ಯಾಕಂದ್ರೆ ನಿಜ. ಕಾಕಾನ ಮಗ ಟ್ರ್ಯಾಕ್ಟರ್ ಓಡಿಸ್ತಾನೆ, ಅವನನ್ನ ವಾಪಸ್ ತಿಗರಿಗೆ ಕೂಡ್ಸೋ ಆಸೆ ಕಾಕಾಗೂ ಇಲ್ಲ ನನಗೂ ಇಲ್ಲ. ಆದ್ರೆ ಕಾಕಾಗೆ 58, ಬೇರೆ ಕೆಲಸ ಬರಲ್ಲ, ಈ ಕೆಲಸದಲ್ಲಿ ಅವರಷ್ಟು ಕೈ ಯಾರಿಗೂ ಇಲ್ಲ. ಇರೋಷ್ಟು ದಿನ ಮಾಡಿದ್ದಕ್ಕೆ ಸರಿಯಾದ ರೊಕ್ಕ ಬರ್ಲಿ ಅಂತ ಅಷ್ಟೇ ನಂದು.

ಲೆಕ್ಕದೋನಲ್ವಾ, ಹೋದ ವಾರ ಊರಿಗೆ ಹೋದಾಗ ಕೂತು ಲೆಕ್ಕ ಹಾಕಿದೆ. ಒಂದು ಆವಿಗೆಗೆ ಮಣ್ಣು 2,500, ಕಟ್ಟಿಗೆ, ತೆಂಗಿನ ಮಟ್ಟೆ ಎಲ್ಲ ಸೇರಿ 3,500, ಜಾಜು, ಹುಲ್ಲು, ಇತ್ಯಾದಿ 500. ಒಟ್ಟು 6,500. ನೀರಿನ ಮಡಕೆ 220 ಇಟ್ರು, ಗಟ್ಟಿಯಾಗಿ ಹೊರಗೆ ಬಂದಿದ್ದು 190. ವ್ಯಾಪಾರಿ ಮನೆ ಬಾಗ್ಲಿಗೇ ಬಂದು ಒಂದಕ್ಕೆ 70 ಕೊಟ್ಟು ಹೊತ್ಕೊಂಡು ಹೋದ, 13,300. ಉಳಿದಿದ್ದು 6,800. ಮಣ್ಣು ಹದ ಮಾಡೋದ್ರಿಂದ ಆವಿಗೆ ಬಿಚ್ಚೋವರ್ಗೂ ಇಬ್ಬರು 25 ದಿನ. ಅಂದ್ರೆ ಒಬ್ಬರಿಗೆ ದಿನಕ್ಕೆ 136 ರೂಪಾಯಿ. ಅದೇ ಮಡಕೆ ನಮ್ಮ ಏರಿಯಾದಲ್ಲಿ ರಸ್ತೆ ಬದೀಲಿ 250. ಪುಸ್ತಕ ಮುಚ್ಚಿಟ್ಟೆ. ಕಾಕು ಕೇಳಿದ್ರು "ಎಷ್ಟು ಬಂತಪಾ ಲೆಕ್ಕ", ನಾನು "ಆಮೇಲೆ ಹೇಳ್ತೀನಿ" ಅಂದೆ.

ಕಡಲ ಕರೆ:
ನಿಮ್ಮದು ಓದಿ ನಮ್ಮ ಅಜ್ಜನ ನೆನಪಾಯ್ತು ಮಾರಾಯ್ರೆ. ನಾವು ಕುಲಾಲರು, ಪುತ್ತೂರು ಕಡೆ. ನಮ್ಮಲ್ಲಿ ಕುಂಬಾರರದ್ದೇ ಸಹಕಾರ ಸಂಘ ಉಂಟು. ಸಂಘ ಇದ್ರೆ ಆಗುವ ಲಾಭ ಎಂತ ಅಂದ್ರೆ, ಮಳೆಗಾಲದ ಮೊದಲು ದುಡ್ಡು ಬೇಕಾಗಿ ಸಿಕ್ಕಿದ ರೇಟಿಗೆ ಮಾರುವ ಗತಿ ಬರುದಿಲ್ಲ. ನಿಮ್ಮ ವ್ಯಾಪಾರಿ 70ಕ್ಕೆ ತೆಗೊಳ್ಳುದು ಯಾಕೆ ಗೊತ್ತುಂಟಾ, ಕಾಕನಿಗೆ ಕಾಯ್ಲಿಕ್ಕೆ ಆಗುದಿಲ್ಲ ಅಂತ ಅವನಿಗೆ ಗೊತ್ತುಂಟು.

ಮತ್ತೆ ನಮ್ಮ ಕಡೆ ಮಣ್ಣಿನ ಪಾತ್ರೆ ಫ್ಯಾಶನ್ನಿಗೆ ಉಳಿದದ್ದಲ್ಲ, ಮೀನಿಗೆ ಉಳಿದದ್ದು. ಬಂಗುಡೆ ಗಸಿ ಮಣ್ಣಿನ ಪಾತ್ರೆಯಲ್ಲಿ ಮಾಡಿ ಮರುದಿನ ಬೆಳಿಗ್ಗೆ ನೀರುದೋಸೆ ಒಟ್ಟಿಗೆ ತಿಂದವ ಸ್ಟೀಲಿಗೆ ಹೋಗುದಿಲ್ಲ. ಓಡು ದೋಸೆಗೆ ಮಣ್ಣಿನ ಓಡೇ ಆಗ್ಬೇಕು. ಅದಕ್ಕೆ ನಾನು ಹೇಳುದು, "ಮಣ್ಣಿನ ಪಾತ್ರೆ ಆರೋಗ್ಯಕ್ಕೆ ಒಳ್ಳೇದು" ಅಂತ ಬೋರ್ಡ್ ಹಾಕ್ಬೇಡಿ, ಇಂಥ ಅಡುಗೆಗೆ ಇಂಥ ಪಾತ್ರೆ ಅಂತ ಹೇಳಿ. ನೀರಿನ ಮಡಕೆ ನಮ್ಮಲ್ಲಿಗೆ ತರ್ಬೇಡಿ ಆಯ್ತಾ, ಈ ಸೆಕೆಗೆ ಅದೂ ಬೆವರುವುದೇ, ನೀರು ನಿಮ್ಮ ಕಡೆಯಷ್ಟು ತಂಪಾಗುದಿಲ್ಲ.

ಮೈಸೂರು ಗಲ್ಲಾಪೆಟ್ಟಿಗೆ:
ನಾನು ಸಣ್ಣ ಅಂಗಡಿ ಇಟ್ಟಿದೀನಿ, ಕರಕುಶಲ ಸಾಮಾನಿಂದು. ಆನ್‌ಲೈನ್ ಮೊದಲೇ ಬೇಡ. 250 ರೂಪಾಯಿ ಮಡಕೆಗೆ ಕೊರಿಯರ್ 300, ಪೆಟ್ಟಿಗೆ 60, ಹತ್ತಕ್ಕೆ ಎರಡು ಒಡೆದು ವಾಪಸ್ಸು. ಜಿಎಸ್‌ಟಿ ಅಂತ ಹೆದರ್ಸೋರ ಮಾತು ಕೇಳ್ಬೇಡಿ, ಮಣ್ಣಿನ ಮಡಕೆ, ಹಣತೆಗೆ ತೆರಿಗೆ ಇಲ್ಲ. ಮುಂದೆ ಯಾವಾಗ್ಲಾದ್ರೂ ಆನ್‌ಲೈನ್‌ಗೆ ಹೋದ್ರೂ, 2023ರ ಅಕ್ಟೋಬರ್‌ನಿಂದ ರಾಜ್ಯದೊಳಗೇ ಮಾರೋ ಸಣ್ಣೋರಿಗೆ ನೋಂದಣಿ ಕಡ್ಡಾಯ ಅಲ್ಲ, ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೊಂಡ್ರೆ ಸಾಕು.

ಹೋಟೆಲ್ ನೋಡಿ. ಕುಡಿಕೆ ಮೊಸರು, ಮಡಕೆ ಬಿರಿಯಾನಿ. ಆದ್ರೆ ಹೋಟೆಲ್‌ನವರಿಗೆ ಬೇಕಾಗಿರೋದು ಕಲೆ ಅಲ್ಲ, ಅಳತೆ. ಒಂದು ಕುಡಿಕೇಲಿ 200 ಎಂಎಲ್ ಹಿಡಿದು ಇನ್ನೊಂದ್ರಲ್ಲಿ 230 ಹಿಡಿದ್ರೆ ಅವನ ಲೆಕ್ಕ ಕೆಡುತ್ತೆ. ಒಂದು ಕಡ್ಡೀಲಿ ಬಾಯಗಲ, ಎತ್ತರ ಎರಡೂ ಗುರುತು ಮಾಡಿ ತಿಗರಿ ಪಕ್ಕ ಇಟ್ಕೊಳ್ಳೋಕೆ ಹೇಳಿ ಕಾಕಾಗೆ. ಮಣ್ಣು ಒಣಗಿ ಬೆಂದಾಗ ಕುಗ್ಗುತ್ತೆ, ಅದನ್ನೂ ಸೇರ್ಸಿ ಅಳತೆ ಇಡ್ಬೇಕು. ಸಾಲ ಮಾತ್ರ ಕೊಡ್ಬೇಡಿ.

ದೊಡ್ಡ ಆರ್ಡರ್ ಕನಸು ಬೇಡ. 2004ರಲ್ಲಿ ಲಾಲು ಪ್ರಸಾದ್ ರೈಲ್ವೆ ಮಂತ್ರಿ ಆಗಿದ್ದಾಗ ರೈಲಲ್ಲಿ ಟೀ ಎಲ್ಲ ಮಣ್ಣಿನ ಕುಲ್ಹಡ್‌ನಲ್ಲೇ ಅಂದ್ರು, ಸ್ವಲ್ಪ ದಿನ ಆದ್ಮೇಲೆ ಕೈಗೆ ಬಂದಿದ್ದು ಮತ್ತೆ ಪೇಪರ್ ಕಪ್ಪೇ. 2020ರಲ್ಲಿ ಪೀಯೂಷ್ ಗೋಯಲ್ ಇನ್ನೊಂದ್ಸಲ ಹೇಳಿದ್ರು. ನೀವು ಮೊನ್ನೆ ಹತ್ತಿದ ರೈಲಲ್ಲಿ ಯಾವುದ್ರಲ್ಲಿ ಟೀ ಕುಡಿದ್ರಿ? ಅದೇ ಗುಜರಾತಿನ ವಾಂಕಾನೇರ್‌ನ ಮನ್ಸುಖ್‌ಭಾಯಿ ಪ್ರಜಾಪತಿ ನೋಡಿ, ಮಣ್ಣಿನ ಫ್ರಿಜ್ ಮಾಡಿ ಹೆಸರಾದ್ರು ಅಂತ ಎಲ್ಲ ಹೇಳ್ತಾರೆ, ಅವರು ಶುರು ಮಾಡಿದ್ದು ಮಣ್ಣಿನ ತವಾದಿಂದ. ದಿನಾ ರೊಟ್ಟಿ ಸುಡೋರಿಗೆ ಬೇಕಾದ ಸಾಮಾನು.

ಗದಗ ಅಜ್ಜ:
ಎಲ್ಲಾರೂ ಹೊಸ ಮಾರ್ಕೆಟ್ ಹೊಸ ಮಾರ್ಕೆಟ್ ಅನ್ನಾಕ ಹತ್ತೀರಿ. ಹಳೇದ ಎಲ್ಲಿ ಹೋತು ಅಂತ ಯಾರೂ ಕೇಳವಲ್ರಿ.

ಕುಂಬಾರಗ ಮೊದಲ ಅಂಗಡಿ ಇದ್ದಿದ್ದಿಲ್ಲ, ಆಯ ಇತ್ತು. ಊರವ್ರಿಗೆ ವರ್ಷಾ ಗಡಿಗಿ, ಹರವಿ ಕೊಡೂದು, ಸುಗ್ಗ್ಯಾಗ ಕಣಕ್ಕ ಹೋಗಿ ಜ್ವಾಳ ತರೂದು. ಲಗ್ನ ಅಂದ್ರ ಐರಾಣಿ ಗಡಿಗಿ ಕುಂಬಾರ್ರ ಮನಿಯಿಂದ ಬಾಜಾ ಬಜಂತ್ರಿ ಕೂಡ ಬರಬೇಕು. ಜೇಷ್ಠದಾಗ ಮಣ್ಣೆತ್ತಿನ ಅಮಾಸಿ, ಆಷಾಢದ ಮಂಗಳವಾರ ಗುಳ್ಳವ್ವ, ಶ್ರಾವಣಕ್ಕ ನಾಗಪ್ಪ, ಭಾದ್ರಪದಕ್ಕ ಗಣಪ್ಪ, ಅವನ ಬೆನ್ನಿಗೇ ಜೋಕುಮಾರ, ಎಲ್ಲಾ ಮಣ್ಣಿಂದ ಮಾಡೂವು. ಜೋಕುಮಾರಸ್ವಾಮಿ ಹುಟ್ಟೂದ ಕುಂಬಾರ್ರ ಮನ್ಯಾಗ, ಅಲ್ಲಿಂದ ಬೇವಿನ ತಪ್ಪಲದ ಬುಟ್ಯಾಗ ಕುಂತು ಊರು ತಿರಗ್ತಾನ. ಈಗಿನ ಹುಡುಗರಿಗೆ ಇದು ಗೊತ್ತಿಲ್ಲ, ಇರ್ಲಿ. ನಮ್ಮ ಶರಣ ಕುಂಬಾರ ಗುಂಡಯ್ಯ ಗಡಿಗಿ ಬಾರಿಸಿದ್ರ ಶಿವನ ಬಂದು ಕುಣಿದ್ನಂತ, ಅಂಥಾ ಮನಿತನ ಅದು.

ನನ್ನ ಮಾತು ಏನಂದ್ರ, ಬೆಂಗಳೂರಾಗ ನಮ್ಮ ಕಡೆ ಮಂದಿ ಎಷ್ಟು ಅದಾರ ನೋಡು. ನನ್ನ ಮಗಳು ಅಲ್ಲೇ ಇರ್ತಾಳ. ಹ್ವಾದ ವರ್ಷ ಮಣ್ಣೆತ್ತು ಸಿಗಲಿಲ್ಲ ಅಂತ ಮಗಳ ಸಣ್ಣ ಮಗ ಪ್ಲಾಸ್ಟಿಕ್ ಎತ್ತು ಇಟ್ಟು ಪೂಜಿ ಮಾಡ್ಯಾನ. ಫೋಟೋ ಕಳಿಸಿದ್ಲು, ನಗಬೇಕೋ ಅಳಬೇಕೋ ತಿಳೀಲಿಲ್ಲ. ಮಣ್ಣೆತ್ತು ಸುಡೂದಿಲ್ಲ, ಹಸಿ ಮಣ್ಣಿಂದ ಮಾಡಿ ನೆರಳಿಗೆ ಒಣಗಿಸಿದ್ರ ಮುಗೀತು. ಕಟ್ಟಿಗಿ ಖರ್ಚಿಲ್ಲ, ಆವಿಗಿ ಇಲ್ಲ, ನಿನ್ನ ಸುಣ್ಣದ ಹರಳೂ ಏನೂ ಮಾಡೂದಿಲ್ಲ. ಮಳಿಗಾಲದಾಗ ಆವಿಗಿ ಹಚ್ಚಾಕ ಬರೂದಿಲ್ಲಲ್ಲ, ಅದ ಹೊತ್ತಿಗೆ ಈ ಹಬ್ಬ ಎಲ್ಲಾ ಸಾಲಾಗಿ ಬರ್ತಾವ.

ತಿಗರಿ ಮನೆ ಹುಡ್ಗ:
ಅಜ್ಜಾರ, ಇದು ನನ್ನ ತಲೆಗೆ ಹೊಳೆದೇ ಇರ್ಲಿಲ್ಲ ನೋಡ್ರಿ!! ಸಣ್ಣೋನಿದ್ದಾಗ ಕಾಕಾ ಮಾಡಿಟ್ಟ ಎತ್ತಿಗೆ ಕುಸುಬಿ ಕಾಳು ಕಣ್ಣು ಇಡ್ತಿದ್ದೋನು ನಾನೇ. ಜೋಡಿ ಎತ್ತು, ಒಂದು ಗ್ವಾದಲಿ (ಮೇವು ಹಾಕೋ ತೊಟ್ಟಿ), ಎಲ್ಲ ಸೇರಿ ಒಂದು ಸೆಟ್. ಅಮಾವಾಸ್ಯೆಗೆ ಇನ್ನೂ ಏಳು ವಾರ ಇದೆ.

ರೀಲ್ಸ್ ರಾಣಿ:
ಸೂಪರ್ ಐಡಿಯಾ, ಜೊತೆಗೆ ಕಾಕಾ ಎತ್ತು ಮಾಡೋ ವಿಡಿಯೋ ಹಾಕಿ, ವೈರಲ್ ಆಗುತ್ತೆ. ವೀಕೆಂಡ್ ವರ್ಕ್‌ಶಾಪ್ ಮಾಡಿ, ಮಕ್ಕಳಿಗೆ ತಲೆಗೆ 500, ದಿನಕ್ಕೆ 10,000 ಆರಾಮಾಗಿ ಬರುತ್ತೆ, ಒಂದು ಆವಿಗೆಗಿಂತ ಜಾಸ್ತಿ.

ತಿಗರಿ ಮನೆ ಹುಡ್ಗ:
ಕಾಕಾನ್ನ ಕೇಳ್ದೆ ಮೇಡಂ. "ನಾನೇನು ಸರ್ಕಸ್ ಮಂಗ್ಯಾನಾ" ಅಂದ್ರು. ಒತ್ತಾಯ ಮಾಡ್ಲಿಲ್ಲ. ವಿಡಿಯೋ ಮಾತ್ರ ಮಾಡ್ಕೊಂಡೆ, ಹಾಕೋಕಲ್ಲ, ಇಟ್ಕೊಳೋಕೆ. ಮಡಕೆ ಒಳಗೆ ಕಲ್ಲು ಹಿಡ್ದು ಹೊರಗಿಂದ ಹಲಗೇಲಿ ಬಡೀವಾಗ ಕಾಕು ನೋಡೋದೇ ಇಲ್ಲ, ಬೀದೀಲಿ ಹೋಗೋರ ಜೊತೆ ಮಾತಾಡ್ತಿರ್ತಾರೆ, ಕಿವಿ ಮಾತ್ರ ಅಲ್ಲಿ. ಸದ್ದು ಬದಲಾದ ಕೂಡ್ಲೆ ಕೈ ಮುಂದಕ್ಕೆ ಹೋಗುತ್ತೆ. ಎಲ್ಲಿ ತೆಳ್ಳಗಾಯ್ತು ಅಂತ ಸದ್ದಿಂದಾನೇ ಗೊತ್ತಾಗೋದಂತೆ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತ ಕೇಳಿದ್ದೆ, ಇಲ್ಲಿ ದೊಣ್ಣೆಯಂಥ ಹಲಗೇಲೇ ಮಡಕೆ ಹುಟ್ಟೋದು ಅಂತ ಮೂವತ್ತು ದಾಟಿದ್ಮೇಲೆ ಸರಿಯಾಗಿ ನೋಡಿದೆ. ನಾಚಿಕೆ ಆಯ್ತು.

ತಿಗರಿ ಮನೆ ಹುಡ್ಗ:
ಅಪ್‌ಡೇಟ್, ಅಮಾವಾಸ್ಯೆ ಮುಗೀತು. ವಾಟ್ಸಾಪಲ್ಲಿ ಮುಂಗಡ ತಗೊಂಡಿದ್ದು 80 ಸೆಟ್, ಒಂದಕ್ಕೆ 150. ರಾತ್ರಿ ಬಸ್ಸಲ್ಲಿ ಸೀಟಿನ ಕೆಳಗೆ, ಕಾಲಡಿ, ಮಡಿಲಲ್ಲಿ ಇಟ್ಕೊಂಡು ಬಂದೆ. ಭತ್ತದ ಹುಲ್ಲು ಸುತ್ತಿ ಮೊಟ್ಟೆ ಟ್ರೇ ಮೇಲೆ ಇಟ್ಟಿದ್ರೂ 23 ಸೆಟ್ಟಿನ ಕೊಂಬು ಮುರೀತು. ಕೊಂಬು ಮುರಿದ ಎತ್ತು ಪೂಜೆಗೆ ಹೆಂಗೆ ಕೊಡೋದು, ತಲೆ ಮೇಲೆ ಕೈ ಇಟ್ಕೊಂಡು ಕಾಕಾಗೆ ಫೋನ್ ಮಾಡಿದ್ರೆ ನಗ್ತಾ ಇದಾರೆ. ಚೀಲದ ತಳ ನೋಡು ಅಂದ್ರು. ನೋಡಿದ್ರೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ನಾಲ್ಕು ಕೆಜಿ ಹಸಿ ಮಣ್ಣು, ಒದ್ದೆ ಬಟ್ಟೆ ಸಮೇತ. ಬಸ್ಸಲ್ಲಿ ಕೊಂಬು ಉಳಿಯಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು!

ಎಲ್ಲರಿಗೂ ಎತ್ತಿನ ಜೊತೆ ನಿಂಬೆಹಣ್ಣಷ್ಟು ಮಣ್ಣು ಕೊಟ್ಟೆ, ಮುರಿದಿದ್ರೆ ನೀವೇ ಹಚ್ಕೊಳ್ಳಿ ಅಂತ. ಮಕ್ಕಳು ಮುರೀದೇ ಇರೋ ಎತ್ತಿಗೂ ಉದ್ದುದ್ದ ಕೊಂಬು ಹಚ್ಚಿದಾವೆ, ಒಂದಕ್ಕಂತೂ ಮೂರು. ಸಂಜೆ ಹೊತ್ತಿಗೆ ಹನ್ನೊಂದು ಮನೆಯೋರು ಮೆಸೇಜ್ ಮಾಡಿ ಮುಂದಿನ ಸಲ ಬರೀ ಮಣ್ಣು ಸಿಗುತ್ತಾ, ಕೆಜಿಗೆ ಎಷ್ಟು ಅಂತ ಕೇಳಿದ್ರು. ಕಾಕಾಗೆ ಹೇಳಿದ್ರೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಮಣ್ಣಿಗೂ ರೊಕ್ಕ ಕೊಡ್ತಾರೇನಲೇ ಅಲ್ಲಿ" ಅಂದ್ರು.

ಖರ್ಚು ಕಳೆದು ಕಾಕಾನ ಕೈಗೆ 9,400 ಕೊಟ್ಟೆ. ಕಾಕು ಎರಡು ಸಲ ಎಣಿಸಿದ್ರು. ಪಂಚಾಯ್ತಿ ಅರ್ಜಿಗೆ ಐದು ಮನೆಯೋರು ಸಹಿ ಹಾಕಿದಾರೆ, ಠರಾವು ಇನ್ನೂ ಆಗಿಲ್ಲ. ಒಗ್ಗರಣೆ ಅಕ್ಕ, ನಿಮ್ಮ ಚಪ್ಪಟೆ ತಳದ ಪಾತ್ರೆ ನಾಲ್ಕರಲ್ಲಿ ಒಂದು ಸೀಳಿತು, ಮೂರು ನಮ್ಮ ಮನೆ ಗ್ಯಾಸ್ ಮೇಲೆ ನಾಲ್ಕನೇ ವಾರ, ಇನ್ನೊಂದು ತಿಂಗಳು ನೋಡಿ ಕಳಿಸ್ತೀನಿ.

ಆಷಾಢದ ಮೊದಲ ಮಂಗಳವಾರಕ್ಕೆ ಗುಳ್ಳವ್ವ 35 ಬೇಕು ಅಂತ ಈಗ್ಲೇ ಬಂದಿದೆ. ಬೆಂಗಳೂರಲ್ಲಿ ಯಾರ ಹತ್ರಾದ್ರೂ ಸೇಬಿನ ಖಾಲಿ ಬಾಕ್ಸ್, ಆ ಗುಳಿ ಗುಳಿ ಇರೋ ಟ್ರೇ ಸಮೇತ ಇದ್ರೆ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ.

ಒಗ್ಗರಣೆ ಅಕ್ಕ:
ನಮ್ಮ ಬೀದಿ ಹಣ್ಣಿನಂಗಡೀಲಿ ಆರು ಇದೆ, ಎತ್ತಿಡೋಕೆ ಹೇಳಿದೀನಿ. ಶನಿವಾರ ಬನ್ನಿ. ಬರುವಾಗ ಎರಡು ಕೆಜಿ ಮಣ್ಣು ತನ್ನಿ.